ಪಿಡುಗಿನ ಕಾಲದಲ್ಲಿ ಪ್ರೌಢಶಾಲೆಯ ಪುನರಾರಂಭ: ದಂಪತಿಗಳು ತಿಳಿದಿರಬೇಕಾದ ಸಂಗತಿಗಳು

2020ನೆಯ ಇಸವಿಯ ಮಾರ್ಚ್ ತಿಂಗಳ ಮಧ್ಯಭಾಗದಲ್ಲಿ ನಮ್ಮ ರಾಜ್ಯದ ಶಾಲೆಗಳು ಮುಚ್ಚಿದುದನ್ನು ನೀವು ಮರೆತಿರಲಾರಿರಿ. ಆ ತಿಂಗಳ 27ರಂದು ಆರಂಭವಾಗಬೇಕಿದ್ದ ಎಸ್.ಎಸ್.ಎಲ್.ಸಿ. ಪರೀಕ್ಷೆಯನ್ನು ಮುಂದೂಡಲಾಯಿತು. 25ರಿಂದ ದೇಶದಾದ್ಯಂತ ಲಾಕ್‌ಡೌನ್ ಜಾರಿಗೆ ಬಂದಿತು. ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆಯ ಗೌರಿಬಿದನೂರಿನಲ್ಲಿ ಆ ತಿಂಗಳೇ ಕೋವಿಡ್ ರೋಗಿಗಳು ಪತ್ತೆಯಾದುದರಿಂದ ಈ ಭಾಗದ ಜನರಿಗೆ ಅದು ದೂರದ ಸುದ್ದಿಯಾಗಿ ಉಳಿಯಲಿಲ್ಲ. ಹತ್ತನೆಯ ತರಗತಿಯ ಮಕ್ಕಳು ಮತ್ತೆ ಪಾಠದ ಕೊಠಡಿಯಲ್ಲಿ ಕುಳಿತದ್ದು 2021ರ ಜನವರಿ 1ರಂದು. ಒಂಬತ್ತನೆಯ ತರಗತಿಯವರು ಫೆಬ್ರವರಿ 1ರಂದು. ಆರರಿಂದ ಎಂಟನೆಯ ತರಗತಿಯವರು ಫೆಬ್ರವರಿ 22ರಂದು. ಎರಡು ತಿಂಗಳೂ ಕಳೆಯುವ ಮುನ್ನ ಎರಡನೆಯ ಅಲೆ ಬಂದು ಬಾಗಿಲುಗಳು ಪುನಃ ಮುಚ್ಚಿದುವು.

ಶಾಲೆಯ ಸಂಗತಿಯನ್ನು ಕುಟುಂಬ ಕಲ್ಯಾಣದ ಪುಸ್ತಿಕೆಯಲ್ಲಿ ಏಕೆ ಹೇಳಬೇಕೆಂದು ನೀವು ಕೇಳಬಹುದು. ಹದಿಮೂರರಿಂದ ಹದಿನಾರು ವರ್ಷದ ಮಗುವಿಗೆ ಪ್ರೌಢಶಾಲೆಯು ಓದು ಕಲಿಯುವ ಸ್ಥಳ ಮಾತ್ರವಲ್ಲ. ಮಧ್ಯಾಹ್ನದ ಬಿಸಿಯೂಟ, ಹಾಲು, ವಾರಕ್ಕೊಂದು ಕಬ್ಬಿಣಾಂಶದ ನೀಲಿ ಮಾತ್ರೆ, ಜಂತುಹುಳುವಿನ ಔಷಧಿ, ಇವೆಲ್ಲವೂ ಅಲ್ಲಿಯೇ ದೊರೆಯುತ್ತವೆ. ಹೆಣ್ಣುಮಗುವಿನ ವಿಷಯದಲ್ಲಿ ಇನ್ನೊಂದು ಮಾತು ಉಂಟು. ಆಕೆಯ ಹೆಸರು ಹಾಜರಿ ಪುಸ್ತಕದಲ್ಲಿ ಇರುವಷ್ಟು ದಿನ ಆಕೆಯ ಮದುವೆಯ ಮಾತು ಮನೆಯಲ್ಲಿ ಏಳುವುದು ವಿರಳ. ಆದುದರಿಂದ ಶಾಲೆ ಎಷ್ಟು ದಿನ ಮುಚ್ಚಿರುತ್ತದೆ, ಹೇಗೆ ತೆರೆಯುತ್ತದೆ ಎಂಬುದು ನಿಮ್ಮ ಕುಟುಂಬದ ಆರೋಗ್ಯಕ್ಕೆ ನೇರವಾಗಿ ಸಂಬಂಧಿಸಿದ ವಿಷಯ. ವಿಶ್ವ ಆರೋಗ್ಯ ಸಂಸ್ಥೆಯು 2023ರ ಮೇ 5ರಂದು ಕೋವಿಡ್‌ನ ತುರ್ತುಪರಿಸ್ಥಿತಿ ಮುಗಿಯಿತೆಂದು ಸಾರಿತಾದರೂ, ಇಂತಹ ಪಿಡುಗು ಮತ್ತೆ ಬರುವುದೇ ಇಲ್ಲವೆಂದು ಯಾರೂ ಹೇಳಲಾರರು. ನಮ್ಮ ಹಿರಿಯರ ಕಾಲದಲ್ಲಿ ಪ್ಲೇಗು ಬಂದಾಗ ಜನರು ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡು ಇರುತ್ತಿದ್ದರು. 1918ರ ಇನ್‌ಫ್ಲೂಯೆಂಜಾ ಮೈಸೂರು ಸಂಸ್ಥಾನದ ಹಳ್ಳಿಗಳನ್ನೂ ಬಿಡಲಿಲ್ಲ.

ರೋಗ ಹರಡುವ ಬಗೆ

ಶಿಡ್ಲಘಟ್ಟ, ಚಿಂತಾಮಣಿ ತಾಲ್ಲೂಕುಗಳ ರೈತ ದಂಪತಿಗಳಿಗೆ ಇದನ್ನು ವಿವರಿಸಲು ಹೆಚ್ಚು ಮಾತು ಬೇಕಿಲ್ಲ. ರೇಷ್ಮೆ ಹುಳುವನ್ನು ಸಾಕುವವರು ಮೊಟ್ಟೆ ತರುವ ಮುನ್ನವೇ ಹುಳುಮನೆಯನ್ನು ತೊಳೆದು ಸೋಂಕು ನಿವಾರಕ ಸಿಂಪಡಿಸುತ್ತಾರೆ. ಹೊರಗಿನವರನ್ನು ಸುಲಭವಾಗಿ ಒಳಗೆ ಬಿಡುವುದಿಲ್ಲ. ಹುಳು ಬೆಳೆದಂತೆಲ್ಲಾ ಇಕ್ಕಟ್ಟಾಗದಂತೆ ಜಾಗವನ್ನು ಹಿಗ್ಗಿಸುತ್ತಾರೆ. ಗಾಳಿಯಾಡದ ಮನೆಯಲ್ಲಿ ಬೆಳೆ ಕೆಡುವುದೆಂಬುದನ್ನು ಅನುಭವದಿಂದ ಬಲ್ಲರು. ಹಾಲು ರೋಗ ತಗುಲಿದ ಹುಳು ಕಣ್ಣಿಗೆ ಬಿದ್ದೊಡನೆ ಅದನ್ನು ಆರಿಸಿ ಬೇರ್ಪಡಿಸುತ್ತಾರೆ; ಹಾಗೆ ಮಾಡದಿದ್ದರೆ ನಾಲ್ಕು ದಿನದಲ್ಲಿ ಇಡೀ ಬೆಳೆ ಕೈಬಿಡುತ್ತದೆ.

ಶಾಲೆಯ ಕೊಠಡಿಗೂ ಇದೇ ನಿಯಮ. ಕೋವಿಡ್ ರೋಗಾಣುವು ಉಸಿರಾಟ, ಕೆಮ್ಮು, ಸೀನು ಮತ್ತು ಗಟ್ಟಿಯಾದ ಮಾತಿನ ಮೂಲಕ ಹೊರಬರುವ ಸೂಕ್ಷ್ಮ ಹನಿಗಳಲ್ಲಿ ಗಾಳಿಯನ್ನು ಸೇರುತ್ತದೆ. ಮುಚ್ಚಿದ ಕೊಠಡಿಯಲ್ಲಿ ಅದು ಬಹುಹೊತ್ತು ನಿಲ್ಲುತ್ತದೆ. ತೆರೆದ ಕಿಟಕಿಯಿದ್ದಲ್ಲಿ ಚದುರಿಹೋಗುತ್ತದೆ. ಮೊದಲ ವರ್ಷ ಬೆಂಚು, ಬಾಗಿಲು, ನೆಲಗಳಿಗೆ ಔಷಧಿ ಸಿಂಪಡಿಸುವುದಕ್ಕೆ ಎಲ್ಲೆಡೆ ಕೊಟ್ಟ ಗಮನದಲ್ಲಿ ಅರ್ಧವನ್ನಾದರೂ ಕಿಟಕಿಗಳಿಗೆ ಕೊಟ್ಟಿದ್ದರೆ ಹೆಚ್ಚು ಪ್ರಯೋಜನವಾಗುತ್ತಿತ್ತೆಂಬುದು ಈಗ ಸ್ಪಷ್ಟವಾಗಿದೆ. ಇಲ್ಲಿ ಒಂದು ಮಾತನ್ನು ಸೇರಿಸಬೇಕು. ಮಕ್ಕಳು ಹುಳುಗಳಲ್ಲ. ಜ್ವರ ಬಂದ ಮಗುವನ್ನು ಬೇರ್ಪಡಿಸುವುದೆಂದರೆ ಮನೆಯಲ್ಲಿರಿಸಿಕೊಂಡು ಉಪಚರಿಸುವುದೇ ಹೊರತು ದೂರ ತಳ್ಳುವುದಲ್ಲ. ರೋಗ ಬಂದ ಮನೆಯವರನ್ನು ಊರಿನವರು ಬಾವಿಗೂ ಅಂಗಡಿಗೂ ಬಿಡದೆ ಹೀಯಾಳಿಸಿದರೆ, ನಾಳೆ ಯಾರೂ ರೋಗವನ್ನು ಹೇಳಿಕೊಳ್ಳುವುದಿಲ್ಲ. ಮುಚ್ಚಿಟ್ಟ ರೋಗವು ಶಾಲೆಯವರೆಗೆ ನಡೆದು ಬರುತ್ತದೆ.

ಯೋಜನೆಯನ್ನು ಹೇಗೆ ರೂಪಿಸಲಾಯಿತು?

ಮೊದಲ ಅಭ್ಯಾಸವಾದುದು ಪರೀಕ್ಷೆಯ ಮೂಲಕ. 2020ರ ಜೂನ್ 25ರಿಂದ ಎಸ್.ಎಸ್.ಎಲ್.ಸಿ. ಪರೀಕ್ಷೆಯನ್ನು ನಡೆಸಲು ರಾಜ್ಯವು ನಿರ್ಧರಿಸಿದಾಗ ಬಹುಮಂದಿ ತಂದೆತಾಯಿಗಳು ಹೆದರಿದ್ದರು. ಸುಮಾರು ಎಂಟೂವರೆ ಲಕ್ಷ ವಿದ್ಯಾರ್ಥಿಗಳು ಹೆಸರು ನೋಂದಾಯಿಸಿದ್ದರು. ಬಾಗಿಲಲ್ಲಿ ದೇಹದ ಉಷ್ಣವನ್ನು ಅಳೆಯುವುದು, ಮುಖಗವಸು, ಕೊಠಡಿಗೆ ಇಪ್ಪತ್ತರ ಒಳಗೆ ಮಕ್ಕಳು, ಅಸ್ವಸ್ಥರಾದವರಿಗೆ ಪ್ರತ್ಯೇಕ ಕೊಠಡಿ, ಈ ಏರ್ಪಾಟುಗಳೊಡನೆ ಪರೀಕ್ಷೆ ನಡೆಯಿತು. ಆಗಸ್ಟ್ 10ರಂದು ಫಲಿತಾಂಶ ಪ್ರಕಟವಾದಾಗ ಜಿಲ್ಲೆಗಳ ಸಾಲಿನಲ್ಲಿ ಚಿಕ್ಕಬಳ್ಳಾಪುರವು ಮೊದಲ ಸ್ಥಾನವನ್ನು ಪಡೆದಿತ್ತು. ಎಚ್ಚರಿಕೆಯಿಂದ ಒಂದೆಡೆ ಸೇರಿಸಿದರೆ ಮಕ್ಕಳನ್ನು ಸುರಕ್ಷಿತವಾಗಿ ಮನೆಗೆ ಕಳುಹಿಸಬಹುದೆಂಬ ಧೈರ್ಯ ಅಧಿಕಾರಿಗಳಿಗೂ ಪೋಷಕರಿಗೂ ಬಂದದ್ದು ಆಗಲೇ.

ನಿತ್ಯದ ಪಾಠವು ಅದಕ್ಕಿಂತ ಕಷ್ಟದ ಕೆಲಸ. ಪರೀಕ್ಷೆಗೆ ಕೆಲವು ದಿನ ಸಾಕು. ಪಾಠಕ್ಕೆ ಇಡೀ ವರ್ಷ ಬೇಕು. ಒಂದು ಲೆಕ್ಕವನ್ನು ನೋಡಿರಿ. ಮುರುಗಮಲ್ಲದಂತಹ ಹೋಬಳಿ ಕೇಂದ್ರದ ಒಂದು ಪ್ರೌಢಶಾಲೆಯಲ್ಲಿ ಎಂಟು, ಒಂಬತ್ತು, ಹತ್ತು ಈ ಮೂರು ತರಗತಿಗಳಲ್ಲಿ ತಲಾ 60 ಮಕ್ಕಳಿರುವರೆಂದು ಭಾವಿಸಿ. ಕೊಠಡಿಗೆ 20 ಮಕ್ಕಳಂತೆ ಕೂರಿಸಿದರೆ ಒಂದು ತರಗತಿಗೆ ಮೂರು ಕೊಠಡಿ, ಏಕಕಾಲಕ್ಕೆ ಮೂವರು ಶಿಕ್ಷಕರು ಬೇಕು. ಮೂರೂ ತರಗತಿಗಳು ಒಂದೇ ದಿನ ಬಂದರೆ ಒಂಬತ್ತು ಕೊಠಡಿ, ಒಂಬತ್ತು ಶಿಕ್ಷಕರು! ಹಳ್ಳಿಯ ಎಷ್ಟು ಶಾಲೆಗಳಲ್ಲಿ ಅಷ್ಟು ಅನುಕೂಲವಿದೆ? ಎಲ್ಲಾ ಮಕ್ಕಳನ್ನು ಒಮ್ಮೆಗೇ ಕರೆಯದೆ ತರಗತಿಗಳನ್ನು ಒಂದರ ನಂತರ ಒಂದಾಗಿ ಕರೆದುದಕ್ಕೆ, ಕೆಲವೊಮ್ಮೆ ಅರ್ಧ ದಿನ ಮಾತ್ರ ನಡೆಸಿದುದಕ್ಕೆ ಈ ಲೆಕ್ಕವೂ ಒಂದು ಕಾರಣ. ನಮ್ಮ ಮಗನ ತರಗತಿಯನ್ನು ಏಕೆ ಕರೆಯಲಿಲ್ಲವೆಂದು ಮುಖ್ಯೋಪಾಧ್ಯಾಯರೊಡನೆ ಜಗಳಕ್ಕೆ ನಿಂತವರು ಉಂಟು. ಅವರಿಗೆ ಈ ಲೆಕ್ಕವನ್ನು ಯಾರಾದರೂ ಕೂರಿಸಿ ಹೇಳಿದ್ದರೆ ಜಗಳವಾಗುತ್ತಿರಲಿಲ್ಲ.

ಹತ್ತನೆಯ ತರಗತಿಗೆ ಮೊದಲ ಸ್ಥಾನ ದೊರೆತುದು ಪರೀಕ್ಷೆಯ ಕಾರಣದಿಂದ. ದೊಡ್ಡ ಮಕ್ಕಳು ಮುಖಗವಸು, ಅಂತರಗಳ ನಿಯಮವನ್ನು ಪಾಲಿಸಬಲ್ಲರೆಂಬ ಭರವಸೆಯಿಂದ. ಆ ವಯಸ್ಸಿನಲ್ಲಿ ಶಾಲೆ ಬಿಟ್ಟವರು ಹಿಂದಿರುಗುವುದು ಅಪರೂಪವೆಂಬ ಭಯದಿಂದ. ಇದಕ್ಕೆ ವಿರುದ್ಧವಾದ ಅಭಿಪ್ರಾಯವೂ ಇತ್ತು. 2021ರ ಜುಲೈನಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯ ಮುಖ್ಯಸ್ಥರು, ಚಿಕ್ಕ ಮಕ್ಕಳು ಈ ಸೋಂಕನ್ನು ದೊಡ್ಡವರಿಗಿಂತ ಚೆನ್ನಾಗಿ ತಡೆದುಕೊಳ್ಳುವರಾದುದರಿಂದ ಪ್ರಾಥಮಿಕ ಶಾಲೆಗಳನ್ನೇ ಮೊದಲು ತೆರೆಯಬಹುದೆಂದು ಹೇಳಿದ್ದರು. ವೈದ್ಯಶಾಸ್ತ್ರದ ದೃಷ್ಟಿಯಿಂದ ಆ ಮಾತು ಸರಿ. ಆದರೆ ಮನೆಯಲ್ಲಿ ಕೂತ ಏಳು ವರ್ಷದ ಮಗುವಿಗೆ ಯಾರೂ ಗಂಡು ನೋಡುವುದಿಲ್ಲ. ಹದಿನೈದು ವರ್ಷದವಳಿಗೆ ನೋಡುತ್ತಾರೆ. ದೊಡ್ಡ ಮಕ್ಕಳನ್ನು ಮೊದಲು ಕರೆದುದು ನಮ್ಮ ಗ್ರಾಮಗಳ ಸ್ಥಿತಿಗೆ ತಕ್ಕ ಕ್ರಮವೆಂದೇ ಹೇಳಬೇಕು.

ಶಾಲೆ ತೆರೆಯುವವರೆಗೆ ಪಾಠವು ಪೂರ್ಣವಾಗಿ ನಿಂತಿರಲಿಲ್ಲ. 2020ರ ಜುಲೈ 20ರಿಂದ ದೂರದರ್ಶನದ ಚಂದನ ವಾಹಿನಿಯಲ್ಲಿ ಎಂಟರಿಂದ ಹತ್ತನೆಯ ತರಗತಿಗಳಿಗೆ ‘ಸಂವೇದ’ ಪಾಠಗಳು ಬಂದುವು. ಆಗಸ್ಟ್‌ನಲ್ಲಿ ‘ವಿದ್ಯಾಗಮ’ ಆರಂಭವಾಯಿತು. ಶಿಕ್ಷಕರೇ ಹಳ್ಳಿಗಳಿಗೆ ಹೋಗಿ ಮರದ ನೆರಳಿನಲ್ಲಿ, ಗುಡಿಯ ಜಗಲಿಯಲ್ಲಿ, ಸಮುದಾಯ ಭವನದಲ್ಲಿ ಚಿಕ್ಕ ಚಿಕ್ಕ ಗುಂಪುಗಳಿಗೆ ಪಾಠ ಹೇಳಿದರು. ಮೊಬೈಲ್ ಇಲ್ಲದ ಮನೆಯ ಮಗುವಿಗೂ ತಲುಪಿದ ಏರ್ಪಾಟು ಇದು. ಮಕ್ಕಳಿಗೂ ಶಿಕ್ಷಕರಿಗೂ ಸೋಂಕು ತಗುಲಿದ ವರದಿಗಳು ಬಂದುದರಿಂದ ಅಕ್ಟೋಬರ್‌ನಲ್ಲಿ ಅದನ್ನು ನಿಲ್ಲಿಸಲಾಯಿತು. 2021ರ ಜನವರಿಯಲ್ಲಿ ಶಾಲೆಯ ಆವರಣದೊಳಗೆ ಪುನಃ ಆರಂಭಿಸಲಾಯಿತು.

ಮುರುಗಮಲ್ಲದ ಸುತ್ತಿನ ಅನೇಕ ಮನೆಗಳಲ್ಲಿ ಮಾತೃಭಾಷೆ ತೆಲುಗು; ಕೆಲವೆಡೆ ಉರ್ದು. ಆ ಮಕ್ಕಳ ಕಿವಿಗೆ ಕನ್ನಡ ಬೀಳುವುದು ಬಹುಮಟ್ಟಿಗೆ ಶಾಲೆಯಲ್ಲಿ, ಗೆಳೆಯರ ನಡುವೆ. ಒಂದು ವರ್ಷ ಶಾಲೆ ಮುಚ್ಚಿದರೆ ಅವರು ಪಾಠದ ಜೊತೆಗೆ ಪಾಠದ ಭಾಷೆಯಿಂದಲೂ ದೂರವಾಗುತ್ತಾರೆ. ಮನೆಯ ಒಂದೇ ಮೊಬೈಲ್ ತಂದೆಯೊಡನೆ ಚಿಂತಾಮಣಿಯ ಟೊಮ್ಯಾಟೊ ಮಾರುಕಟ್ಟೆಗೆ ಹೋದರೆ ಮಗುವಿಗೆ ಆ ದಿನದ ಪಾಠವೇ ಇಲ್ಲ. ಮತ್ತೆ ಅಂತಹ ಕಾಲ ಬಂದರೆ ಪತಿಪತ್ನಿಯರು ಕೂಡಿ ಮಾತನಾಡಿ, ದಿನದಲ್ಲಿ ಇಂತಿಷ್ಟು ಹೊತ್ತು ಮೊಬೈಲ್ ಮಗುವಿನದೆಂದು ನಿಗದಿ ಮಾಡಿರಿ. ಮಗನಿಗೆ ಮಾತ್ರ ಕೊಟ್ಟು ಮಗಳನ್ನು ಒಲೆಯ ಮುಂದೆ ಕೂರಿಸಬೇಡಿರಿ.

ಒಪ್ಪಿಗೆ ಪತ್ರವೆಂದರೇನು?

2021ರ ಜನವರಿಯಲ್ಲಿ ಶಾಲೆಗೆ ಬರುವುದು ಕಡ್ಡಾಯವಾಗಿರಲಿಲ್ಲ. ಪೋಷಕರ ಲಿಖಿತ ಒಪ್ಪಿಗೆ ಬೇಕಾಗಿತ್ತು. ಏನಾದರೂ ಆದರೆ ತಪ್ಪು ನಿಮ್ಮದೆಂದು ಹೇಳಿಸಿಕೊಳ್ಳುವ ಕಾಗದವಿದು ಎಂದು ಕೆಲವರು ತಿಳಿದು ಸಹಿ ಮಾಡಲು ಹಿಂಜರಿದರು. ಓದು ಬಾರದ ಕೆಲವರು ಕೇಳದೆಯೇ ಹೆಬ್ಬೆಟ್ಟು ಒತ್ತಿದರು. ಎರಡೂ ಸರಿಯಲ್ಲ. ಒಪ್ಪಿಗೆ ಪತ್ರಕ್ಕೆ ಸಹಿ ಮಾಡುವ ಮುನ್ನ ಗಂಡ ಹೆಂಡಿರಿಬ್ಬರೂ ಕುಳಿತು ಮನೆಯ ಸ್ಥಿತಿಯನ್ನು ಆಲೋಚಿಸಬೇಕು. ಮನೆಯಲ್ಲಿ ಯಾರಿಗಾದರೂ ಜ್ವರ, ಕೆಮ್ಮು, ಗಂಟಲು ನೋವು ಇದೆಯೇ? ಸಕ್ಕರೆ ಕಾಯಿಲೆ, ರಕ್ತದೊತ್ತಡ ಅಥವಾ ಕ್ಷಯ ಇರುವ ಅತ್ತೆ ಮಾವಂದಿರು ಇರುವರೇ? ಗರ್ಭಿಣಿಯರಿರುವರೇ? ಮಗು ಶಾಲೆಯಿಂದ ಬಂದೊಡನೆ ಕೈಕಾಲು ಮುಖ ತೊಳೆದುಕೊಳ್ಳಲು, ಅಜ್ಜಿಯಿಂದ ದೂರ ಮಲಗಲು ಜಾಗವಿದೆಯೇ? ಒಂದೇ ಅಂಕಣದ ಮನೆಯಾದರೆ ಹಿರಿಯರು ಗಾಳಿಯಾಡುವ ಪಡಸಾಲೆಯಲ್ಲಿ ಮಲಗುವ ಏರ್ಪಾಟನ್ನಾದರೂ ಮಾಡಬಹುದು. ಹಿರಿಯರಿಗೆ ಲಸಿಕೆ ಹಾಕಿಸಿದ್ದರೆ ಭಯ ಬಹಳ ಕಡಿಮೆ.

ಈ ಸಂಗತಿಗಳನ್ನು ಶಿಕ್ಷಕರಿಗೆ ಮರೆಮಾಚದೆ ತಿಳಿಸಿರಿ. ಮಗುವಿಗೆ ಜ್ವರ ಬಂದ ದಿನ ಮಾತ್ರೆ ನುಂಗಿಸಿ ಬಾಗಿಲಿನ ತಪಾಸಣೆಯನ್ನು ದಾಟಿಸಿ ಕಳುಹಿಸುವುದು ಮಿಕ್ಕ ಹತ್ತೊಂಬತ್ತು ಮಕ್ಕಳಿಗೆ ಮಾಡುವ ಅನ್ಯಾಯ.

ಊರಿನ ಸೋಂಕು, ಶಾಲೆಯ ಬಾಗಿಲು

ಎರಡನೆಯ ಅಲೆಯ ನಂತರ 2021ರ ಆಗಸ್ಟ್ 23ರಂದು ಒಂಬತ್ತರಿಂದ ಹನ್ನೆರಡನೆಯ ತರಗತಿಗಳು ತೆರೆದಾಗ ರಾಜ್ಯವು ಒಂದು ಅಳತೆಗೋಲನ್ನು ಇಟ್ಟುಕೊಂಡಿತ್ತು. ಒಂದು ಜಿಲ್ಲೆಯಲ್ಲಿ ಪರೀಕ್ಷಿಸಿದ ನೂರು ಜನರಲ್ಲಿ ಸೋಂಕಿರುವವರು ಇಬ್ಬರಿಗಿಂತ ಕಡಿಮೆಯಿದ್ದರೆ ಮಾತ್ರ ಅಲ್ಲಿ ಶಾಲೆ ತೆರೆಯಬಹುದಾಗಿತ್ತು. ದಕ್ಷಿಣ ಕನ್ನಡ, ಉಡುಪಿ, ಕೊಡಗು, ಹಾಸನ, ಚಿಕ್ಕಮಗಳೂರು ಜಿಲ್ಲೆಗಳ ಮಕ್ಕಳು ಆ ದಿನ ಕಾಯಬೇಕಾಯಿತು. ನಮ್ಮ ಮಕ್ಕಳು ಶಾಲೆಗೆ ಹೋದರು. ಶಾಲೆಯೊಳಗೆ ಎಷ್ಟು ಎಚ್ಚರಿಕೆ ವಹಿಸಿದರೂ ಊರಿನಲ್ಲಿ ರೋಗ ಹೆಚ್ಚಿದ್ದರೆ ಬಾಗಿಲು ತೆರೆಯುವಂತಿಲ್ಲವೆಂಬುದು ಇದರ ಅರ್ಥ. ಪರೀಕ್ಷೆ ಮಾಡಿಸಿಕೊಂಡರೆ ಶಾಲೆ ಮುಚ್ಚಿಸುತ್ತಾರೆಂದು ಹೆದರಿ ಗಂಟಲ ದ್ರವ ಕೊಡಲು ಒಪ್ಪದವರು ಇದ್ದರು. ತೀರಾ ಕಾಯಿಲೆಯಾದವರೊಬ್ಬರನ್ನೇ ಪರೀಕ್ಷಿಸಿದರೆ ನೂರಕ್ಕೆ ಸೋಂಕಿನವರ ಲೆಕ್ಕ ಏರಿಯೇ ತೋರುತ್ತದೆ. ಹೆಚ್ಚು ಜನ ಮುಂದೆ ಬಂದಷ್ಟೂ ಲೆಕ್ಕವು ನಿಜಕ್ಕೆ ಹತ್ತಿರವಾಗುತ್ತದೆ.

ದೇವಸ್ಥಾನ, ದರ್ಗಾಗಳು 2020ರ ಜೂನ್ 8ರಂದೇ ಭಕ್ತರಿಗೆ ತೆರೆಯಲು ಅನುಮತಿ ದೊರೆತಿತ್ತು. ಮುರುಗಮಲ್ಲದ ಅಮ್ಮಾಜಾನ್ ಬಾವಾಜಾನ್ ದರ್ಗಾಕ್ಕೂ ಮುಕ್ತೀಶ್ವರಸ್ವಾಮಿಯ ಸನ್ನಿಧಿಗೂ ಹೊರಗಿನಿಂದ ಜನ ಬರುವುದು ಎಲ್ಲರೂ ಬಲ್ಲ ಸಂಗತಿ. ಸಂತೆಗಳು ನಡೆದುವು, ಮದುವೆಗಳು ನಡೆದುವು. ಶಾಲೆಯ ಬಾಗಿಲು ಮಾತ್ರ ಮತ್ತೆ ಆರು ತಿಂಗಳು ಮುಚ್ಚಿತ್ತು. ಅದರಿಂದ ಮಕ್ಕಳಿಗೆ ರೋಗ ತಗುಲದೆ ಉಳಿಯಿತೇ? 2021ರ ಜೂನ್ ಜುಲೈನಲ್ಲಿ ನಡೆದ ರಾಷ್ಟ್ರೀಯ ರಕ್ತಪರೀಕ್ಷಾ ಸಮೀಕ್ಷೆಯಲ್ಲಿ, 10ರಿಂದ 17 ವರ್ಷದ ಮಕ್ಕಳಲ್ಲಿ ನೂರಕ್ಕೆ 60ಕ್ಕೂ ಹೆಚ್ಚು ಮಂದಿಗೆ ಸೋಂಕು ಆಗಲೇ ತಗುಲಿ ಹೋಗಿದ್ದುದು ಕಂಡುಬಂದಿತು. ದೇಶದಲ್ಲಿ ಬಹುತೇಕ ಶಾಲೆಗಳು ಮುಚ್ಚಿದ್ದ ಕಾಲವದು. ದೊಡ್ಡವರು ಸಂತೆಯಿಂದ, ಮದುವೆಯ ಚಪ್ಪರದಿಂದ, ಬಸ್ಸಿನಿಂದ ತಂದುದನ್ನೇ ಮಕ್ಕಳು ಮನೆಯಲ್ಲಿ ಪಡೆದರು. ಹಿರಿಯರು ನೆರೆಯುವ ಸ್ಥಳಗಳನ್ನು ಮೊದಲು ತೆರೆದು ಶಾಲೆಯನ್ನು ಕೊನೆಗೆ ಇಡುವ ಕ್ರಮವನ್ನು ಮುಂದಿನ ಸಲ ತಿರುಗಿಸಬೇಕೆಂದು ಕೇಳುವ ಹಕ್ಕು ಪೋಷಕರಿಗಿದೆ. ಗ್ರಾಮಸಭೆಯಲ್ಲಿ, ಶಾಲಾಭಿವೃದ್ಧಿ ಸಮಿತಿಯಲ್ಲಿ ಹೀಗೆ ಕೇಳುವವರು, ತಮ್ಮ ಮನೆಯ ಮದುವೆಯನ್ನೂ ಜಾತ್ರೆಯನ್ನೂ ಕೆಲವು ತಿಂಗಳು ಮುಂದೂಡಲು ಸಿದ್ಧರಿರಬೇಕು.

ಯೋಜನೆಯೂ ಕಾಲಕ್ರಮದಲ್ಲಿ ಪಕ್ವವಾಯಿತು. ಮೊದಲ ವರ್ಷ ಇಡೀ ರಾಜ್ಯಕ್ಕೆ ಒಂದೇ ಆಜ್ಞೆ. ಎರಡನೆಯ ವರ್ಷ ಜಿಲ್ಲೆಗೊಂದು ಲೆಕ್ಕ. 2022ರ ಜನವರಿಯಲ್ಲಿ ಮೂರನೆಯ ಅಲೆ ಬಂದಾಗ, ಬೆಂಗಳೂರನ್ನು ಬಿಟ್ಟು ಉಳಿದೆಡೆ, ಸ್ಥಳೀಯ ಸ್ಥಿತಿಯನ್ನು ನೋಡಿ ಶಾಲೆಯನ್ನು ಕೆಲವು ದಿನ ಮುಚ್ಚುವ ನಿರ್ಧಾರವನ್ನು ಜಿಲ್ಲಾಧಿಕಾರಿಗಳಿಗೆ ಬಿಡಲಾಯಿತು. ಅದೇ ತಿಂಗಳ 3ರಿಂದ 15ರಿಂದ 18 ವರ್ಷದವರಿಗೂ, ಮಾರ್ಚ್ 16ರಿಂದ 12ರಿಂದ 14 ವರ್ಷದವರಿಗೂ ಲಸಿಕೆ ದೊರೆಯಿತು.

ಮನೆಯಲ್ಲಿ ಉಳಿದ ಮಗಳು

ಕೋವಿಡ್‌ಗೆ ಮುಂಚೆ, 2019ರಲ್ಲಿ ಕರ್ನಾಟಕದಲ್ಲಿ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, 20ರಿಂದ 24 ವರ್ಷದ ಮಹಿಳೆಯರಲ್ಲಿ ನೂರಕ್ಕೆ 21 ಮಂದಿಗೆ 18 ತುಂಬುವ ಮೊದಲೇ ಮದುವೆಯಾಗಿತ್ತು. 15ರಿಂದ 19 ವರ್ಷದ ಹುಡುಗಿಯರಲ್ಲಿ ಸುಮಾರು ಅರ್ಧದಷ್ಟು ಮಂದಿ ರಕ್ತಹೀನತೆಯಿಂದ ಬಳಲುತ್ತಿದ್ದರು. ಇಂತಹ ಸ್ಥಿತಿಯಲ್ಲಿ ಶಾಲೆ ಮುಚ್ಚಿತು; ನೀಲಿ ಮಾತ್ರೆಯೂ ಬಿಸಿಯೂಟವೂ ನಿಂತುವು. ಬಿಸಿಯೂಟದ ಬದಲು ಅಕ್ಕಿ ಬೇಳೆಗಳನ್ನು ಮನೆಗೆ ಕೊಡಲಾಯಿತಾದರೂ, ಮನೆಗೆ ಬಂದ ಅಕ್ಕಿಯನ್ನು ಎಲ್ಲರೂ ಉಣ್ಣುತ್ತಾರೆ. ಮಗಳ ಪಾಲು ಕೊನೆಯದಾಗುತ್ತದೆ. ಬಿಸಿಯೂಟವು ಮತ್ತೆ ಆರಂಭವಾದುದು 2021ರ ಅಕ್ಟೋಬರ್ ತಿಂಗಳ ಕಡೆಯ ಭಾಗದಲ್ಲಿ.

ಕೂಲಿಯಿಲ್ಲ, ಶಾಲೆಯಿಲ್ಲ, ಐವತ್ತು ಜನರಲ್ಲಿ ಮದುವೆ ಮುಗಿಸಿದರೆ ಸಾಲ ತಪ್ಪುತ್ತದೆ. ಈ ಲೆಕ್ಕವು ಅನೇಕ ಮನೆಗಳಲ್ಲಿ ನಡೆಯಿತು. ಲೆಕ್ಕ ಹಾಕಿದ ತಂದೆ ಕ್ರೂರಿಯೇನೂ ಅಲ್ಲ. ಆದರೆ ಅವನು ಅರ್ಧ ಲೆಕ್ಕವನ್ನು ಮಾತ್ರ ಹಾಕಿದ್ದಾನೆ. ಪೂರ್ಣ ಬೆಳೆಯದ ದೇಹದಲ್ಲಿ ಗರ್ಭ ನಿಂತರೆ ರಕ್ತಹೀನತೆ ಹೆಚ್ಚುತ್ತದೆ, ರಕ್ತದೊತ್ತಡ ಏರಿ ನಂಜು ಉಂಟಾಗುವ ಭಯವಿದೆ, ಹೆರಿಗೆ ಕಷ್ಟವಾಗುತ್ತದೆ, ಹುಟ್ಟುವ ಮಗು ತೂಕ ಕಡಿಮೆಯಾಗಿರುತ್ತದೆ. ಚಪ್ಪರದಲ್ಲಿ ಉಳಿದ ಹಣವು ಜಿಲ್ಲಾ ಆಸ್ಪತ್ರೆಯ ದಾರಿಯಲ್ಲಿ ಖರ್ಚಾಗುತ್ತದೆ. ಹೆಣ್ಣಿಗೆ 18, ಗಂಡಿಗೆ 21 ವರ್ಷ ತುಂಬದೆ ಮಾಡುವ ಮದುವೆಯು ದಂಡನಾರ್ಹವಾದ ಅಪರಾಧ. ಕರ್ನಾಟಕದ ತಿದ್ದುಪಡಿಯ ಪ್ರಕಾರ ಅಂತಹ ಮದುವೆಯು ಆರಂಭದಿಂದಲೇ ಅಸಿಂಧು, ಅಂದರೆ ಮದುವೆಯೇ ಅಲ್ಲ. ಎಲ್ಲಾದರೂ ಇಂತಹ ಸಿದ್ಧತೆ ನಡೆದಿರುವುದು ತಿಳಿದರೆ 1098ಕ್ಕೆ ಉಚಿತವಾಗಿ ಕರೆ ಮಾಡಬಹುದು. ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳಿಗೂ ಅಂಗನವಾಡಿ ಮೇಲ್ವಿಚಾರಕಿಯರಿಗೂ ತಿಳಿಸಬಹುದು.

ಗಂಡುಮಗುವಿನ ದಾರಿ ಬೇರೆ. ಟೊಮ್ಯಾಟೊ ಬಿಡಿಸಲು, ಹಿಪ್ಪುನೇರಳೆ ಸೊಪ್ಪು ಕೊಯ್ಯಲು, ಬೆಂಗಳೂರಿನ ಕಟ್ಟಡದ ಕೆಲಸಕ್ಕೆ ಹೋದವನು ಕೈಗೆ ಕಾಸು ಬಂದ ಮೇಲೆ ಬೆಂಚಿನ ಮೇಲೆ ಕೂರಲು ನಾಚುತ್ತಾನೆ. ಶಾಲೆ ತೆರೆಯುವ ಸುದ್ದಿ ಬಂದೊಡನೆ, ಒಂದು ವಾರವೂ ತಡಮಾಡದೆ ಕರೆತನ್ನಿರಿ.

ಒಂದು ವೇಳೆ ತಡವಾಗಿದ್ದರೂ ದಾರಿ ಮುಚ್ಚಿಲ್ಲ. 14 ವರ್ಷದವರೆಗಿನ ಮಗುವನ್ನು, ನಡುವೆ ಎಷ್ಟೇ ಬಿಡುವು ಆಗಿದ್ದರೂ, ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಳ್ಳುವುದು ಶಿಕ್ಷಣ ಹಕ್ಕು ಕಾಯಿದೆಯ ಪ್ರಕಾರ ಶಾಲೆಯ ಕರ್ತವ್ಯ. ವರ್ಗಾವಣೆ ಪತ್ರ ಇಲ್ಲವೆಂಬ ಕಾರಣದಿಂದ ಹಿಂದಕ್ಕೆ ಕಳುಹಿಸುವಂತಿಲ್ಲ. ವಯಸ್ಸು ಮೀರಿದವರು ಖಾಸಗಿ ಅಭ್ಯರ್ಥಿಯಾಗಿ ಎಸ್.ಎಸ್.ಎಲ್.ಸಿ. ಪರೀಕ್ಷೆಗೆ ಕೂಡಬಹುದು. ಮದುವೆಯಾಗಿ ಬಂದ ಸೊಸೆಗೂ ಈ ಅವಕಾಶವಿದೆ. ಆಕೆ ಓದು ಮುಗಿಸುವವರೆಗೆ ಮೊದಲ ಮಗುವನ್ನು ಮುಂದೂಡಲು ನಿರೋಧ್, ಮಾಲಾ-ಎನ್ ಮುಂತಾದ ಸಾಧನಗಳು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಉಚಿತವಾಗಿ ದೊರೆಯುತ್ತವೆ. ನಿಮ್ಮ ಗ್ರಾಮದ ಆಶಾ ಕಾರ್ಯಕರ್ತೆಯನ್ನು ಕೇಳಿರಿ. ಪರೀಕ್ಷೆಯ ಅರ್ಜಿ ತುಂಬುವ ದಿನಾಂಕ, ಶುಲ್ಕ, ಬೇಕಾಗುವ ದಾಖಲೆಗಳ ವಿವರವನ್ನು ಹತ್ತಿರದ ಪ್ರೌಢಶಾಲೆಯ ಮುಖ್ಯೋಪಾಧ್ಯಾಯರು ಅಥವಾ ಚಿಂತಾಮಣಿಯ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಯವರು ತಿಳಿಸುತ್ತಾರೆ.